ಮೊಣಕಾಲ ತನಕ ಸಮುದ್ರ

ಐವತ್ತಾರು ತುಂಬುವ ತನಕ ಬಸವಲಿಂಗ ಸಮುದ್ರ ನೋಡಿರಲಿಲ್ಲ. ಪುಣೆಯಲ್ಲಿ ಮೂವತ್ತು ವರ್ಷ ಕಳೆದವನ ಬಾಯಿಂದ ಈ ಮಾತು ಬಂದರೆ ಕೇಳಿದವರು ನಗುತ್ತಿದ್ದರು. ನಾನಾ ಪೇಠೆಯ ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯೊಂದರಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದ ಅವನು ಬೆಳಗಾದರೆ ಮಾಲಿನ ಚೀಟಿಗಳ ಮೇಲೆ ರತ್ನಾಗಿರಿ, ಪಣಜಿ, ಕಾರವಾರ, ಮಂಗಳೂರು ಎಂದು ಬರೆಯುತ್ತಲೇ ಇರುತ್ತಿದ್ದ. ಊರುಗಳೆಲ್ಲ ಸಮುದ್ರದ ದಂಡೆಯವು. ಬರೆಯುವವನು ಮಾತ್ರ ಬಿಜಾಪುರದ ಇಂಡಿ ಕಡೆಯವನು. ಮುಂಬಯಿಗೆ ಎರಡು ಸಲ ಹೋಗಿದ್ದ. ಎರಡೂ ಸಲ ಮಸ್ಜಿದ್ ಬಂದರಿನ ಗೋದಾಮಿನಲ್ಲಿ ಕಳೆದುಹೋದ ಮಾಲಿನ ತಕರಾರು ಬಗೆಹರಿಸಿ, ಸಂಜೆಯ ಗಾಡಿ ಹಿಡಿದು ತಿರುಗಿ ಬಂದಿದ್ದ. "ಬಂದರ ಅನ್ನೂದು ಹೆಸರಿಗಷ್ಟ ಐತಿ. ನೀರ ಎಲ್ಲೂ ಕಾಣಲಿಲ್ಲ ನೋಡ" ಎಂದು ಹೆಂಡತಿಗೆ ಹೇಳಿದ್ದ.

ಹೆಂಡತಿ ಪ್ರೇಮಾವತಿಯೂ ನೋಡಿರಲಿಲ್ಲ. ಅವಳ ತವರು ಮುಧೋಳದ ಹತ್ತಿರ. ಮಳೆಗಾಲದಲ್ಲಿ ಘಟಪ್ರಭೆ ಎರಡೂ ದಂಡೆ ತುಂಬಿ ಹರಿಯುವುದನ್ನು ಕಂಡು ಬೆಳೆದವಳಿಗೆ ಅದಕ್ಕಿಂತ ದೊಡ್ಡ ನೀರು ಬೇಕೆಂದು ಅನ್ನಿಸಿಯೇ ಇರಲಿಲ್ಲ. ಯೆರವಡಾದ ಎರಡು ಖೋಲಿಯ ಮನೆ, ಗಂಡ, ಕೊರಿಯರ್ ಕಚೇರಿಯಲ್ಲಿ ಟೈಪಿಂಗ್ ಮಾಡುವ ಮಗಳು ಸ್ನೇಹಲ್, ಗಂಡನ ಸಕ್ಕರೆ ಕಾಯಿಲೆ. ಇಷ್ಟರಲ್ಲೇ ಅವಳ ದಿನಗಳು ತುಂಬಿಹೋಗುತ್ತಿದ್ದವು.

ಸಕ್ಕರೆ ಕಾಯಿಲೆಗೆ ಆಗ ಹದಿನಾಲ್ಕು ವರ್ಷ. ಬಸವಲಿಂಗ ಗುಳಿಗೆ ನುಂಗುತ್ತಿದ್ದ, ಆದರೆ ಮದುವೆ ಮುಂಜಿಗಳಲ್ಲಿ ಹೋಳಿಗೆ ಬಿಡುತ್ತಿರಲಿಲ್ಲ. ಎರಡು ಮೂರು ವರ್ಷಗಳಿಂದ ಪಾದಗಳಿಗೆ ಜೋಮು ಹಿಡಿದಿತ್ತು. "ಹತ್ತಿ ಮ್ಯಾಲ ನಡದಂಗ ಆಗತೈತಿ" ಎನ್ನುತ್ತಿದ್ದ. ಒಮ್ಮೆ ಬಸ್ ಸ್ಟಾಪಿನ ಹತ್ತಿರ ಒಂದು ಚಪ್ಪಲಿ ಕಾಲಿನಿಂದ ಕಳಚಿ ಬಿದ್ದರೂ ಗೊತ್ತಾಗದೆ, ಬರಿಗಾಲಲ್ಲಿ ಮನೆಯ ತನಕ ನಡೆದು ಬಂದಿದ್ದ. ಚಾಳಿನ ಜನ ನಕ್ಕಿದ್ದರು. ಅವನೂ ನಕ್ಕಿದ್ದ. ಪ್ರೇಮಾವತಿ ಮಾತ್ರ ನಗಲಿಲ್ಲ. ಹಾದಿ ಹಿಡಿದು ಹಿಂದಕ್ಕೆ ಹೋಗಿ ಚಪ್ಪಲಿ ಹುಡುಕಿ ತಂದಿದ್ದಳು.

ತೊಂಬತ್ತೆಂಟನೆಯ ಇಸವಿಯ ಮೇ ತಿಂಗಳಲ್ಲಿ ಅವನ ಜೊತೆಯ ಗುಮಾಸ್ತನೊಬ್ಬ ಮಗಳ ಮದುವೆಯನ್ನು ತನ್ನೂರು ಶ್ರೀವರ್ಧನದಲ್ಲಿ ಇಟ್ಟುಕೊಂಡ. ಶ್ರೀವರ್ಧನ ಕೊಂಕಣದ ಊರು. ಕಚೇರಿಯವರೆಲ್ಲ ಒಂದು ಬಸ್ಸು ಮಾಡಿಕೊಂಡು ಹೊರಟರು. ಸ್ನೇಹಲ್‌ಗೆ ರಜೆ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೇ ಹೋದರು.

ಮದುವೆಮನೆಯಲ್ಲಿ ಸುಮ್ಮನೆ ಕೂರುವ ಜಾತಿಯವಳಲ್ಲ ಪ್ರೇಮಾವತಿ. ಭಾಷೆ ಪೂರ್ತಿ ತಿಳಿಯದಿದ್ದರೂ ಹೆಂಗಸರ ನಡುವೆ ಈಳಿಗೆ ಹಿಡಿದು ಕೂತು ಎರಡು ಬುಟ್ಟಿ ಬದನೆಕಾಯಿ ಹೆಚ್ಚಿದಳು. ಆ ಗಡಿಬಿಡಿಯಲ್ಲಿ ಹೆಬ್ಬೆರಳು ಕೊಯ್ದುಕೊಂಡಳು. ಊಟ ಮುಗಿದು ಬಿಸಿಲು ಇಳಿದ ಮೇಲೆ ಬಸವಲಿಂಗ ಬಂದು, "ಏಳ, ನೋಡಿ ಬರೂಣು" ಎಂದ. ಏನನ್ನು ಎಂದು ಅವಳು ಕೇಳಲಿಲ್ಲ.

ತೆಂಗಿನ ತೋಟಗಳ ನಡುವಿನ ಮಣ್ಣುದಾರಿ ದಾಟಿ, ಗಾಳಿಮರಗಳ ಸಾಲು ದಾಟಿದ ಮೇಲೆ ಎದುರಿಗೆ ಇನ್ನೇನೂ ಇರಲಿಲ್ಲ. ಬಸವಲಿಂಗ ನಿಂತುಬಿಟ್ಟ. ದಾರಿಯುದ್ದಕ್ಕೂ ಊಟದ ವಿಷಯ ಮಾತಾಡುತ್ತ ಬಂದವನ ಬಾಯಿ ಅರ್ಧ ಮಾತಿಗೆ ನಿಂತಿತು. ಆಚೆಯ ದಂಡೆ ಹುಡುಕುವವಳಂತೆ ಪ್ರೇಮಾವತಿ ಕಣ್ಣು ಕಿರಿದು ಮಾಡಿ ನೋಡಿದಳು. ದಂಡೆ ಇರಲಿಲ್ಲ. ನೀರು ಹೋಗಿ ಹೋಗಿ ಆಕಾಶಕ್ಕೆ ತಾಗಿತ್ತು. ಅದರ ಸದ್ದು ಕಿವಿಗೆ ಕೇಳುವುದಕ್ಕಿಂತ ಎದೆಗೆ ಕೇಳುವಂತಿತ್ತು.

ಅವನು ಚಪ್ಪಲಿ ಕಳಚಿಟ್ಟು, ಧೋತರ ಎತ್ತಿ ಕಟ್ಟಿ, ನೀರಿಗೆ ಇಳಿದ. ಪಾದದ ಗಂಟಿನ ತನಕ ನೀರು ಬಂತು, ಹೋಯಿತು, ಮತ್ತೆ ಬಂತು. ಅವನು ತಲೆ ಬಗ್ಗಿಸಿ ತನ್ನ ಪಾದಗಳನ್ನೇ ನೋಡುತ್ತ ನಿಂತ.

"ಯಾಕ್ರಿ? ಹಂಗ್ಯಾಕ ನಿಂತೀರಿ?"

"ನೀರು ಕಾಲಿಗೆ ಬಡಿಯೂದು ಕಣ್ಣಿಗೆ ಕಾಣತೈತಿ, ಪ್ರೇಮಾ. ಕಾಲಿಗೆ ಗೊತ್ತಾಗವಲ್ದು."

ಹೀಗೆಂದು ಇನ್ನೂ ಮುಂದೆ ಹೋದ. ಬಲಗಡೆಗೆ ಕರಿಬಂಡೆಗಳಿದ್ದವು. ಒಂದನ್ನು ಹಿಡಿದುಕೊಂಡು ಹುಷಾರಾಗಿ ಹೆಜ್ಜೆಯಿಟ್ಟ. ನೀರು ಮೊಣಕಾಲಿಗೆ ಬಂದಾಗ ತಿರುಗಿ ಅವಳ ಕಡೆ ನೋಡಿ ಕೂಗಿದ.

"ಇಲ್ಲಿ ಗೊತ್ತಾತು ನೋಡ! ಇಲ್ಲಿಂದ ಮ್ಯಾಲ ಗೊತ್ತಾಗತೈತಿ! ಬೆಚ್ಚಗ ಐತಿ! ನಾ ತಣ್ಣಗ ಇರತೈತಿ ಅಂದಕೊಂಡಿದ್ದೆ!"

ಒಂದು ತಾಸು ಅಲ್ಲೇ ನಿಂತಿದ್ದ. ಜೊತೆಗೆ ಬಂದವರು ಭೇಳ್ ತಿಂದರು, ಫೋಟೋ ತೆಗೆಸಿಕೊಂಡರು, ಹೊರಡೋಣ ಎಂದು ಕರೆದರು. ಇವನಿಗೆ ಯಾವುದೂ ಕೇಳಿಸಲಿಲ್ಲ. ಕೊನೆಗೆ ಪ್ರೇಮಾವತಿಯೇ ಸೀರೆ ತೊಯ್ಸಿಕೊಂಡು ಹೋಗಿ ಕೈ ಹಿಡಿದು ಕರೆತಂದಳು. ದಂಡೆಗೆ ಬಂದ ಮೇಲೆ ಹಿಂದಕ್ಕೆ ನೋಡಿದರೆ, ಅವನ ಬಲಗಾಲು ಊರಿದಲ್ಲೆಲ್ಲ ಮರಳು ಕೆಂಪಾಗಿತ್ತು. ಬಂಡೆಗೆ ಅಂಟಿಕೊಂಡಿದ್ದ ಚಿಪ್ಪು ಕಿರುಬೆರಳ ಬುಡದಲ್ಲಿ ಅಂಗಾಲನ್ನು ಸೀಳಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ಉಪ್ಪುನೀರು ಗಾಯಕ್ಕೆ ಒಳ್ಳೆಯದೆಂದು ಅವಳ ಅವ್ವ ಹೇಳುತ್ತಿದ್ದಳು. ಪ್ರೇಮಾವತಿ ಅಲ್ಲೇ ಕೂರಿಸಿ, ಬೊಗಸೆಯಲ್ಲಿ ಸಮುದ್ರದ ನೀರು ತಂದು ಮೂರು ಸಲ ಗಾಯ ತೊಳೆದಳು. ಅವನ ಕರವಸ್ತ್ರದಿಂದಲೇ ಬಿಗಿದು ಕಟ್ಟಿದಳು. ಅವನು ಕಾಲು ಅವಳ ಕೈಗೆ ಕೊಟ್ಟು, ಕಣ್ಣನ್ನು ಸಮುದ್ರಕ್ಕೆ ಕೊಟ್ಟು ಕೂತಿದ್ದ.

ಮರುದಿನ ಬಸ್ಸು ಘಟ್ಟ ಹತ್ತುವಾಗ ಅವನಿಗೆ ಚಳಿ ಶುರುವಾಯಿತು. ಮೇ ತಿಂಗಳ ಮಧ್ಯಾಹ್ನ, ಬಸ್ಸಿನ ತಗಡು ಮುಟ್ಟಿದರೆ ಸುಡುತ್ತಿತ್ತು. ಅವನು ಮಾತ್ರ ಶಾಲು ಹೊದ್ದು ನಡುಗುತ್ತಿದ್ದ. ಬಿಸಿಲು ಹೊಡೆದಿರಬೇಕೆಂದು ಅವಳು ಈರುಳ್ಳಿ ಜಜ್ಜಿ ಅಂಗೈಗೆ ತಿಕ್ಕಿದಳು. ಮನೆ ಮುಟ್ಟಿದಾಗ ಸಂಜೆ ಐದು. ಪಾದ ಕೆಂಪಗೆ ಬಾತಿತ್ತು. ಹತ್ತಿರದ ಡಾಕ್ಟರು ಗುಳಿಗೆ ಕೊಟ್ಟು, ನಾಳೆಗೆ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು.

ಬೆಳಕು ಹರಿದಾಗ ಪ್ರೇಮಾವತಿ ಚಾದರ ಸರಿಸಿದಳು. ಆ ಕಾಲು ತನ್ನ ಗಂಡನದೆಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಮೀನಖಂಡ ಕಂಬದಂತೆ ಬಾತು, ಚರ್ಮ ಹಿಗ್ಗಿ ಹೊಳೆಯುತ್ತಿತ್ತು. ಅದರ ಮೇಲೆ ನೇರಳೆಹಣ್ಣಿನ ಬಣ್ಣದ ಬೊಬ್ಬೆಗಳು ಎದ್ದಿದ್ದವು. ಕೆಲವು ನಿಂಬೆಕಾಯಿಯಷ್ಟು ದೊಡ್ಡವು. ಒಳಗೆ ಕಪ್ಪು ರಕ್ತ. ಅವನು ಕಣ್ಣು ಬಿಟ್ಟಿದ್ದ, ಆದರೆ ಅವಳನ್ನು ಗುರುತಿಸುತ್ತಿರಲಿಲ್ಲ. "ಕಾರವಾರದ ಗಾಡಿ ಬಂತೇನು?" ಎಂದು ಕೇಳಿದ.

ಸ್ನೇಹಲ್ ಓಡಿಹೋಗಿ ರಿಕ್ಷಾ ತಂದಳು. ನದಿ ದಾಟಿದರೆ ದೊಡ್ಡದೊಂದು ಧರ್ಮಾರ್ಥ ಆಸ್ಪತ್ರೆ. ಅಲ್ಲಿ ಪ್ರಣವ ಎಂಬ ಸರ್ಜನ್ ಇದ್ದರು. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕಾಲನ್ನು ನೋಡಿದವರೇ ಜೇಬಿನಿಂದ ಪೆನ್ನು ತೆಗೆದು, ಮೊಣಕಾಲಿನ ಕೆಳಗೆ ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಸುತ್ತಲೂ ಒಂದು ನೀಲಿ ಗೆರೆ ಎಳೆದರು. ರಕ್ತ ತೆಗೆಸಿದರು, ಒಂದು ಬೊಬ್ಬೆಯ ನೀರನ್ನು ಸಿರಿಂಜಿನಲ್ಲಿ ಎಳೆದು ಕೆಳಗಿನ ಲ್ಯಾಬಿಗೆ ಕಳಿಸಿದರು. ಸಲೈನ್ ಹಚ್ಚಿದರು. ಶುಗರ್ ನಾನೂರೈವತ್ತು ದಾಟಿತ್ತು. ರಕ್ತದೊತ್ತಡ ಕೆಳಗಿಳಿದಿತ್ತು.

ಅರ್ಧ ತಾಸಿನ ಮೇಲೆ ಬಂದು ಮತ್ತೆ ನೋಡಿದರು. ಪ್ರೇಮಾವತಿಯೂ ನೋಡಿದಳು. ಕೆಂಪು ಆ ನೀಲಿ ಗೆರೆಯನ್ನು ದಾಟಿ ಎರಡು ಬೆರಳು ಮೇಲಕ್ಕೆ ಹೋಗಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ, ಯಾರೂ ಅಲುಗಿಸಿರಲಿಲ್ಲ. ಅವಳು ಮಂಚದ ಪಕ್ಕದಲ್ಲೇ ಕೂತಿದ್ದಳು. ಕಣ್ಣೆದುರಿಗೇ ಅದು ನಡೆದು ಹೋಗಿತ್ತು, ಹೆಜ್ಜೆಯ ಸದ್ದಿಲ್ಲದೆ.

ಪ್ರಣವ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಚರ್ಮದ ಕೆಳಗೆ ಮಾಂಸದ ಪದರ ಸಾಯುತ್ತ ಹೋಗುತ್ತಿದೆ. ಈಗಲೇ ಕೊಯ್ದು ಸತ್ತದ್ದನ್ನೆಲ್ಲ ತೆಗೆಯಬೇಕು. ತೊಡೆಯ ತನಕ ಹೋಗಿದ್ದರೆ ಕಾಲನ್ನೇ ತೆಗೆಯಬೇಕಾದೀತು. ಕಾಲು ತೆಗೆದರೂ ಜೀವ ಉಳಿದೀತೆಂದು ಹೇಳಲಾರೆ. ಸ್ನೇಹಲ್ ಕಾಗದ ಓದಿ ಹೇಳಿದಳು. ಪ್ರೇಮಾವತಿ ಕನ್ನಡದಲ್ಲಿ ಸಹಿ ಹಾಕಿದಳು. ಸ್ಟ್ರೆಚರ್ ಆಪರೇಷನ್ ಕೋಣೆಯ ಒಳಗೆ ಹೋಯಿತು.

ಹೊರಗಿನ ಬೆಂಚಿನ ಮೇಲೆ ತಾಯಿ ಮಗಳು ಕೂತು ಹತ್ತು ನಿಮಿಷವಾಗಿರಬಹುದು. ಬಿಳಿ ಕೋಟಿನ, ಅರ್ಧ ನರೆತ ಕೂದಲಿನ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಬಸವಲಿಂಗನ ಕಡೆಯವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. "ಅವ್ವಾ, ನಮ್ಮನ್ನ ಕೇಳಾಕತ್ತಾರ" ಎಂದು ಸ್ನೇಹಲ್ ಅಂದದ್ದೇ ತಡ, ಅವರ ಮುಖ ಬದಲಾಯಿತು.

"ಕನ್ನಡದವರೇನು? ಛಲೋ ಆತು. ನಾ ಧಾರವಾಡದಾಕಿ, ಸುಲಭಾ ಅಂತ. ಕೆಳಗ ಲ್ಯಾಬಿನ ಡಾಕ್ಟರ್ ಇದ್ದೀನಿ. ನಿಮ್ಮ ಯಜಮಾನ್ರು ಈಗ ಎರಡು ಮೂರು ದಿನದಾಗ ಸಮುದ್ರದ ಮೀನು ಏನರೆ ತಿಂದಿದ್ರೇನು? ಚಿಪ್ಪಿನ ಮೀನು, ಸಿಗಡಿ?"

ಅಷ್ಟು ಸಂಕಟದಲ್ಲೂ ಪ್ರೇಮಾವತಿ ನೆಟ್ಟಗಾಗಿ ಕೂತಳು. "ಮೀನಾ? ಏನ್ ಅಂತೀರಿ ಬಾಯಾರ! ನಾವು ಲಿಂಗವಂತರು. ಮನ್ಯಾಗ ತತ್ತೀನೂ ತರೂದಿಲ್ಲ."

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಹಂಗಾದ್ರ ಇನ್ನೊಂದು ಕೇಳ್ತೀನಿ. ಸಮುದ್ರಕ್ಕ ಹೋಗಿದ್ರೇನು?"

ಪ್ರೇಮಾವತಿ ಅವರ ಮುಖವನ್ನೇ ನೋಡಿದಳು. ಈ ಹೆಂಗಸು ಈ ಮೊದಲು ನಮ್ಮನ್ನು ನೋಡಿಲ್ಲ, ನಮ್ಮವರ ಮುಖವನ್ನೂ ಕಂಡಿಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಒಂದು ಹನಿ ನೀರು ನೋಡಿ ಸಮುದ್ರ ಎಂದು ಹೇಳುತ್ತಿದ್ದಾಳಲ್ಲ!

"ಮೊನ್ನಿ," ಎಂದಳು. "ಮೊನ್ನಿ ಸಂಜೀಮುಂದ. ಜೀವಮಾನದಾಗ ಒಮ್ಮೆ. ನಿಮಗ ಹೆಂಗ ಗೊತ್ತಾತ್ರಿ?"

ಉತ್ತರಕ್ಕೆ ಸುಲಭಾ ನಿಲ್ಲಲಿಲ್ಲ. ಆಪರೇಷನ್ ಕೋಣೆಯ ಬಾಗಿಲು ಬಡಿದು ಪ್ರಣವರನ್ನು ಹೊರಗೆ ಕರೆಸಿದರು. ಕೈಗವಸು ಹಾಕಿದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಅವರು ಬಾಗಿಲಲ್ಲಿ ನಿಂತು ಕೇಳಿದರು. ಇಬ್ಬರ ಮಾತೂ ಇಂಗ್ಲಿಷಿನಲ್ಲಿ, ವೇಗವಾಗಿ. ಕೊನೆಗೆ ಪ್ರಣವ ತಲೆಯಾಡಿಸಿ ಒಳಗೆ ಹೋದರು. ನರ್ಸ್ ಓಡಿಬಂದು ಸ್ನೇಹಲ್ ಕೈಗೆ ಬೇರೆ ಔಷಧಿಯ ಚೀಟಿ ಕೊಟ್ಟು, ಕೆಳಗಿನ ಅಂಗಡಿಯಿಂದ ಕೂಡಲೇ ತರಲು ಹೇಳಿದಳು.

ಆಮೇಲೆ ಸುಲಭಾ ಬೆಂಚಿನ ಮೇಲೆ ಕೂತರು. "ನೋಡ್ರಿ, ಸಕ್ಕರಿ ಜಡ್ಡಿನವರ ಕಾಲು ಕೊಳೀಲಿಕ್ಕೆ ನಮ್ಮ ಕಡೆ ಒಂದು ಐದಾರು ಕ್ರಿಮಿ ಕಾರಣ. ಅವು ನಮಗ ಮುಖ ಪರಿಚಯದವು ಇದ್ದಂಗ. ಇವತ್ತು ಕಂಡದ್ದು ಬ್ಯಾರೆ. ಸಣ್ಣ ಅಲ್ಪವಿರಾಮ ಚಿಹ್ನೆ ಇರತದಲ್ಲ, ಹಂಗ ಡೊಂಕು. ಕಾಲರಾ ಕೇಳೀರಲ್ಲ, ಅದರ ದಾಯಾದಿ. ಬಿಸಿ ಸಮುದ್ರದ ನೀರಾಗ ಇರತದ. ನಾ ಇದನ್ನ ಪುಸ್ತಕದಾಗ ಓದಿದ್ದೆ. ಇಪ್ಪತ್ತೆರಡು ವರ್ಷದ ಸರ್ವಿಸಿನಾಗ ಕಣ್ಣಲೆ ನೋಡಿದ್ದು ಇವತ್ತ. ಪುಣೆಯಾಗ ಕೂತು ಸಮುದ್ರದ ಕ್ರಿಮಿ ಯಾರು ಹುಡುಕತಾರ ಹೇಳ್ರಿ?"

"ಉಳೀತಾರೇನ್ರಿ?"

ಸುಲಭಾ ಅವಳ ಕೈ ಹಿಡಿದರು. "ಸುಳ್ಳು ಹೇಳೂದಿಲ್ಲ. ಇದು ಭಾಳ ಜನರನ್ನ ಎರಡು ದಿನದಾಗ ಒಯ್ತದ. ಆದ್ರ ಇದರ ಔಷಧ ಯಾವುದು ಅಂತ ಈಗ ಗೊತ್ತಾಗೇದ. ನಿನ್ನೆ ತನಕ ಅದರ ಆಟ. ಇವತ್ತಿನಿಂದ ನಮ್ಮದೂ ಅದ."

ಪ್ರಣವ ಕಾಲು ತೆಗೆಯಲಿಲ್ಲ. ಪಾದದಿಂದ ಮೊಣಕಾಲಿನ ಮೇಲಿನ ತನಕ ಉದ್ದಕ್ಕೆ ಸೀಳಿ, ಸತ್ತ ಪದರವನ್ನೆಲ್ಲ ತೆಗೆದು, ಗಾಯವನ್ನು ತೆರೆದೇ ಬಿಟ್ಟರು. ಮರುದಿನ ಮತ್ತೆ ಒಯ್ದು ಇನ್ನಷ್ಟು ತೆಗೆದರು. ಆಗ ಎರಡು ಬೆರಳು ಹೋದವು, ಕಿರುಬೆರಳು ಮತ್ತು ಅದರ ಪಕ್ಕದ್ದು. ತೊಡೆಯ ಮೇಲೆ ಎಳೆದ ಹೊಸ ಗೆರೆಯನ್ನು ಪ್ರೇಮಾವತಿ ಐಸಿಯುವಿನ ಗಾಜಿನಾಚೆಯಿಂದಲೇ ಕಾಯ್ದಳು. ಒಳಗೆ ಬಿಟ್ಟಾಗಲೆಲ್ಲ ಮೊದಲು ಗಂಡನ ಮುಖವನ್ನಲ್ಲ, ಆ ಗೆರೆಯನ್ನು ನೋಡುತ್ತಿದ್ದಳು. ಬುಧವಾರ ಮಧ್ಯಾಹ್ನ ಕೆಂಪು ಆ ಗೆರೆಗೆ ತಾಗಿ ನಿಂತಿತ್ತು. ಗುರುವಾರ ಬೆಳಿಗ್ಗೆ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಅವಳು ನರ್ಸನ್ನು ಕರೆದು ತೋರಿಸಿದಳು. ನರ್ಸ್ ನೋಡಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಶುಕ್ರವಾರ ಬಸವಲಿಂಗ ಕಣ್ಣು ಬಿಟ್ಟು, "ಪ್ರೇಮಾ, ಬಾಯಿ ಒಣಗೈತಿ" ಎಂದ. ಒಂದು ಚಮಚ ನೀರು ಕೊಟ್ಟು ಹೊರಗೆ ಬಂದವಳಿಗೆ ಮೂರು ದಿನದಿಂದ ತಡೆದಿಟ್ಟಿದ್ದ ಅಳು ಬಂತು. ಸುಲಭಾ ಆಗಲೇ ರೋಗಿಯನ್ನು ನೋಡಲು ಮೇಲೆ ಬಂದಿದ್ದರು. ಅವರೆದುರು ಪ್ರೇಮಾವತಿ ಯಾರಿಗೂ ಹೇಳದಿದ್ದ ಮಾತು ಹೇಳಿಬಿಟ್ಟಳು.

"ಬಾಯಾರ, ತಪ್ಪು ನಂದು. ಗಾಯ ಆದಾಗ ನಾನ ಆ ನೀರು ತಂದು ತೊಳದೆ. ಮೂರು ಸಲ ತೊಳದೆ. ನನ್ನ ಕೈಲೆ ನಾನ ಹಾಕಿದೆ ಅದನ್ನ."

ಸುಲಭಾ ಅವಳ ಭುಜ ಹಿಡಿದು ಕೇಳಿದರು. "ಅವರು ಗಾಯ ಇಟ್ಕೊಂಡು ಅದೇ ನೀರಾಗ ಎಷ್ಟೊತ್ತು ನಿಂತಿದ್ರು?"

"ಒಂದು ತಾಸು."

"ಒಂದು ತಾಸು ನಿಂತವರಿಗೆ ನಿಮ್ಮ ಮೂರು ಬೊಗಸಿ ಯಾವ ಲೆಕ್ಕ? ನೀವು ಹೊರಗ ತಂದು ಕಟ್ಟಿದ್ರಿ. ಎಳಕೊಂಡು ಬರಲಿಲ್ಲಂದ್ರ ಇನ್ನೂ ನಿಂತಿರತಿದ್ರು. ಬರ್ರಿ, ನನ್ನ ಜೋಡಿ ಕೆಳಗ ಬರ್ರಿ. ನಿಮಗೊಂದು ತೋರಸ್ತೀನಿ."

ಲ್ಯಾಬ್ ಸಣ್ಣದು. ಬೇಯಿಸಿದ ಸಾರಿನಂಥ ವಾಸನೆ ಅಲ್ಲಿತ್ತು. ಸುಲಭಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಮರದ ಸ್ಟ್ಯಾಂಡಿನಿಂದ ಎರಡು ಗಾಜಿನ ಕೊಳವೆಗಳನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದರಲ್ಲಿದ್ದ ನೀರು ತಿಳಿಯಾಗಿತ್ತು. ಇನ್ನೊಂದು ಅಕ್ಕಚ್ಚಿನಂತೆ ಮಬ್ಬಾಗಿತ್ತು.

"ಎರಡರಾಗೂ ಆ ಕ್ರಿಮಿಯ ಒಂದೇ ಬೀಜ ಹಾಕೀನಿ. ಒಂದೇ ಹೊತ್ತಿಗೆ ಹಾಕೀನಿ. ಇದರಾಗ ಉಪ್ಪಿಲ್ಲ, ಇದರಾಗ ಅದ. ಉಪ್ಪಿಲ್ಲದಲ್ಲೆ ಒಂದೂ ಹುಟ್ಟಲಿಲ್ಲ ನೋಡ್ರಿ. ಉಪ್ಪಿದ್ದಲ್ಲೆ ಒಂದು ದಿನದಾಗ ಕೋಟಿಗಟ್ಲೆ. ಸಮುದ್ರ ಬಿಟ್ಟು ಎಷ್ಟು ದೂರ ಬಂದ್ರೂ ಇದಕ್ಕ ಉಪ್ಪು ಬೇಕ."

ಪ್ರೇಮಾವತಿ ಆ ಎರಡು ಕೊಳವೆಗಳನ್ನು ಬಹಳ ಹೊತ್ತು ನೋಡಿದಳು. ಅಡುಗೆಮನೆಯಲ್ಲಿ ದಿನಾ ಚಿಟಿಕೆ ಹಾಕುವ ಉಪ್ಪು. ಅದೊಂದರ ವ್ಯತ್ಯಾಸಕ್ಕೆ ಒಂದು ಕಡೆ ಏನೂ ಇಲ್ಲ, ಒಂದು ಕಡೆ ಇಷ್ಟೊಂದು ಜೀವ.

"ಹಂಗಾದ್ರ ನಮ್ಮವರ ಮೈಯಾಗ ಹೆಂಗ ಬೆಳೀತ್ರಿ? ಅಲ್ಲಿ ಎಲ್ಲಿ ಸಮುದ್ರ?"

"ಕಣ್ಣೀರು ಬಾಯಿಗೆ ಇಳದಾಗ ರುಚಿ ನೋಡಿಲ್ಲೇನು? ನಮ್ಮ ರಕ್ತಾನೂ ಉಪ್ಪು. ಅದಕ್ಕ ಸಾಕಾಗುವಷ್ಟು ಉಪ್ಪು."

ಪ್ರೇಮಾವತಿಯ ನಾಲಿಗೆಯ ತುದಿಯಲ್ಲಿ ಆಗಷ್ಟೇ ಅತ್ತ ಉಪ್ಪು ಇನ್ನೂ ಇತ್ತು. ಅವಳು ತುಟಿ ಒರೆಸಿಕೊಳ್ಳಲು ಎತ್ತಿದ ಸೆರಗನ್ನು ಹಾಗೇ ಹಿಡಿದುಕೊಂಡು ಕೂತಳು. ಆ ತುದಿಯಿಲ್ಲದ ನೀರಿನಲ್ಲಿ ಹುಟ್ಟಿದ ಒಂದು ಕಣ, ಬಸವಲಿಂಗನ ಬೆಚ್ಚಗಿನ ರಕ್ತಕ್ಕೆ ಬಂದು, ಅದನ್ನೂ ಸಮುದ್ರವೆಂದೇ ತಿಳಿದಿತ್ತು.

ಸುಲಭಾ ಒಂದು ಹನಿ ತೆಗೆದು ಗಾಜಿನ ನಡುವೆ ಇಟ್ಟು, ಮೈಕ್ರೋಸ್ಕೋಪಿನ ತಿರುಗಣಿ ಸರಿಪಡಿಸಿ, "ಚಾಳೀಸು ತಗದು ನೋಡ್ರಿ" ಎಂದರು. ಕನ್ನಡಕ ತೆಗೆದು ಬಗ್ಗಿದ ಅವಳಿಗೆ ಮೊದಲು ಕಂಡದ್ದು ತನ್ನದೇ ಕಣ್ಣರೆಪ್ಪೆಯ ಕೂದಲು. ಆಮೇಲೆ ಬರೀ ಬೆಳಕು. ಸುಲಭಾ ಅವಳ ತಲೆಯನ್ನು ಮೆಲ್ಲಗೆ ಹಿಡಿದು ಸ್ವಲ್ಪ ಎಡಕ್ಕೆ ಸರಿಸಿದರು. ಆಗ ಕಂಡಿತು.

ಬೂದು ಬೆಳಕಿನ ಒಂದು ವೃತ್ತ. ಅದರ ತುಂಬ ಚುಕ್ಕೆಗಳಿಗಿಂತ ಒಂದಿಷ್ಟು ಉದ್ದದ, ಡೊಂಕಾದ ಏನೋ. ಒಂದೂ ನಿಂತಿರಲಿಲ್ಲ. ಕಣ್ಣು ಒಂದನ್ನು ಹಿಡಿಯುವುದರೊಳಗೆ ಅದು ಬಾಣದಂತೆ ಚಿಮ್ಮಿ ಆಚೆಯ ಅಂಚಿಗೆ ಹೋಗಿ, ಕತ್ತಲಲ್ಲಿ ಮಾಯವಾಗುತ್ತಿತ್ತು. ಅದರ ಜಾಗಕ್ಕೆ ಇನ್ನೊಂದು. ಒಂದಕ್ಕೊಂದು ಡಿಕ್ಕಿ ಹೊಡೆಯದೆ, ಒಂದರ ದಾರಿ ಇನ್ನೊಂದು ತಡೆಯದೆ, ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಓಟ. ಮಂಚದ ಮೇಲಿನ ಕಾಲನ್ನು ನೋಡಿ ಅವಳು ಮನಸ್ಸಿನಲ್ಲಿ ಯಾವುದೋ ರಾಕ್ಷಸನನ್ನು ಕಟ್ಟಿಕೊಂಡಿದ್ದಳು. ಹಲ್ಲು, ಉಗುರು, ಏನಾದರೊಂದು ಇರಬೇಕೆಂದುಕೊಂಡಿದ್ದಳು. ಇಲ್ಲಿ ಏನೂ ಇರಲಿಲ್ಲ.

"ಇಷ್ಟ ಏನ್ರಿ?" ಎಂದಳು, ಕಣ್ಣು ತೆಗೆಯದೆ.

"ಇಷ್ಟ. ಇಪ್ಪತ್ತು ನಿಮಿಷಕ್ಕ ಒಂದು ಎರಡಾಗತದ. ಎರಡು ನಾಲ್ಕು. ಹತ್ತು ತಾಸು ಅದನ್ನ ತಡೆಯವರು ಇರಲಿಲ್ಲಂದ್ರ, ನಮ್ಮ ದೇಶದಾಗಿನ ಮಂದಿ ಎಷ್ಟದಾರೋ ಅಷ್ಟಾಗತದ. ಒಂದರಿಂದ."

ಪ್ರೇಮಾವತಿ ತನ್ನ ಬಲಗೈ ಹೆಬ್ಬೆರಳು ಮುಂದೆ ಚಾಚಿದಳು. ಈಳಿಗೆಯ ಗಾಯ ಒಣಗಿ ಸಣ್ಣ ಗೆರೆಯಾಗಿತ್ತು. "ಅವತ್ತ ನನಗೂ ಗಾಯ ಆಗಿತ್ತು. ಇದೇ ಕೈ ಆ ನೀರಾಗ ಅದ್ದೀನಿ. ನನಗ ಯಾಕ ಏನೂ ಆಗಲಿಲ್ಲ?"

ಸುಲಭಾ ಆ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು. "ನಿಮ್ಮ ಬೆರಳಾಗೂ ಬಂದಿರಬಹುದು. ನಿಮ್ಮ ರಕ್ತದಾಗ ಕಾವಲುಗಾರರು ಎಚ್ಚರ ಇದ್ರು. ಬಂದವನ್ನ ಅಲ್ಲೇ ತಿಂದು ಮುಗಿಸಿದ್ರು. ನಿಮಗ ಸುದ್ದೀನೂ ಮುಟ್ಟಲಿಲ್ಲ. ಸಕ್ಕರಿ ಹೆಚ್ಚಾದ ರಕ್ತದಾಗ ಆ ಕಾವಲುಗಾರರಿಗೆ ಕಾಲು ಭಾರ ಆಗತದ. ಬರೂದ್ರಾಗ ತಡ ಆಗಿರತದ. ಇಷ್ಟು ನಮಗ ಗೊತ್ತದ. ಆದ್ರ ಸಕ್ಕರಿ ಜಡ್ಡಿನವರು ಎಷ್ಟೋ ಮಂದಿ ಸಮುದ್ರದಾಗ ನಿಂತು ಏನೂ ಆಗದ ಮನಿಗೆ ಬರತಾರ. ನಿಮ್ಮವರಿಗೇ ಯಾಕ, ಅವತ್ತೇ ಯಾಕ, ಅದು ನನಗೂ ಗೊತ್ತಿಲ್ಲ."

ಇಷ್ಟು ಓದಿದ ಡಾಕ್ಟರು ಗೊತ್ತಿಲ್ಲ ಎಂದದ್ದು ಕೇಳಿ ಪ್ರೇಮಾವತಿಗೆ ಯಾಕೋ ಸಮಾಧಾನವಾಯಿತು. ಮತ್ತೊಮ್ಮೆ ನೋಡಲೇ ಎಂದು ಕೇಳಿ, ಮತ್ತೊಮ್ಮೆ ನೋಡಿದಳು. ಏಳುವಾಗ ತನಗೇ ಗೊತ್ತಿಲ್ಲದಂತೆ ಕೈ ಮುಗಿದಳು. ಆಮೇಲೆ ನಾಚಿಕೊಂಡು, "ನಿಮಗ ಮುಗದೆ ಬಾಯಾರ" ಎಂದಳು. ಸುಲಭಾ ನಕ್ಕರು.

ಬಸವಲಿಂಗ ನಲವತ್ತಾರು ದಿನ ಆಸ್ಪತ್ರೆಯಲ್ಲಿದ್ದ. ಶುಗರ್ ಹತೋಟಿಗೆ ಬರಲು ದಿನಕ್ಕೆ ಮೂರು ಸಲ ಇನ್ಸುಲಿನ್ ಚುಚ್ಚಬೇಕಾಯಿತು. ಮೊದಮೊದಲು ಗಾಯದ ಪಟ್ಟಿ ಬಿಚ್ಚುವಾಗ ಪ್ರೇಮಾವತಿ ಗೋಡೆಯ ಕಡೆ ತಿರುಗುತ್ತಿದ್ದಳು. ಹತ್ತನೆಯ ದಿನದಿಂದ ತಿರುಗುವುದನ್ನು ಬಿಟ್ಟಳು. ಯಾಕೆಂದರೆ ಅಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಸ್ನಾಯು, ನರ ಎಲ್ಲ ಕಾಣುತ್ತಿದ್ದ ಜಾಗದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಹೊಸ ಮಾಂಸ, ಕಾಳು ಕಾಳಾಗಿ, ತಾನೇ ಎದ್ದು ಬರುತ್ತಿತ್ತು. ಯಾರು ಹೇಳಿಕೊಟ್ಟರು ಅದಕ್ಕೆ? ಕ್ರಿಮಿ ತಿಂದದ್ದೂ ಕಣ್ಣಿಗೆ ಕಂಡಿರಲಿಲ್ಲ, ತುಂಬುವುದೂ ಕಾಣುತ್ತಿರಲಿಲ್ಲ. ಬೆಳಗಾದರೆ ತುಂಬಿರುತ್ತಿತ್ತು, ಅಷ್ಟೇ. ಅದರ ಮೇಲೆ ಪ್ರಣವ ತೊಡೆಯ ತೆಳು ಚರ್ಮವನ್ನು ತೆಗೆದು ಕಸಿ ಹಾಕಿದರು. ಮುಕ್ಕಾಲು ಪಾಲು ಹಿಡಿಯಿತು. ಉಳಿದ ಜಾಗಕ್ಕೆ ಎರಡನೆಯ ಸಲ ಹಾಕಿದ್ದು ಹಿಡಿಯಿತು.

ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಅವನ ಮಂಚದ ಸುತ್ತ ಬಂದು ನಿಲ್ಲತೊಡಗಿದರು. ಮೂವತ್ತು ವರ್ಷ ಕಚೇರಿಯ ಮೂಲೆಯ ಮೇಜಿನಲ್ಲಿ ಕೂತವನನ್ನು ಹೀಗೆ ಯಾರೂ ಬಂದು ನೋಡಿರಲಿಲ್ಲ. ಅವನು ದಿಂಬಿಗೆ ಒರಗಿ, ಮರಾಠಿಯಲ್ಲಿ, ತನ್ನ ಕಾಲಿನ ಕಥೆಯನ್ನು ತಾರೀಖು ವೇಳೆ ಸಮೇತ ಒಪ್ಪಿಸುತ್ತಿದ್ದ. ಕೊನೆಗೆ ಒಬ್ಬೊಬ್ಬರನ್ನೇ ನಿಮ್ಮೂರು ಯಾವುದು ಎಂದು ಕೇಳುತ್ತಿದ್ದ. ತಳೇಗಾಂವ ಎಂದರೆ, ಸಾಸವಡ ಎಂದರೆ, ಅಲ್ಲಿಗೆ ವಾರಕ್ಕೆ ಎಷ್ಟು ಲಾರಿ ಹೋಗುತ್ತವೆ ಎಂದು ಹೇಳುತ್ತಿದ್ದ. ಕಾಲನ್ನು ಮಾತ್ರ ಅವರು ಚಾದರ ಸರಿಸಿ ನೋಡುವಾಗ ಅವನು ಸುಮ್ಮನಾಗುತ್ತಿದ್ದ.

ಮನೆಗೆ ಕಳಿಸುವ ಎರಡು ದಿನ ಮೊದಲು ವಾಕರ್ ಹಿಡಿದು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದ. ಬೆವರುತ್ತ ಬಂದು ಕಿಟಕಿಯ ಹತ್ತಿರದ ಕುರ್ಚಿಯ ಮೇಲೆ ಕೂತ. ಹೊರಗೆ ಮಳೆ ಹಿಡಿದಿತ್ತು. ಪ್ರೇಮಾವತಿ ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಡಾಕ್ಟರು ಹೇಳಿಕೊಟ್ಟಂತೆ ಬೆರಳುಗಳ ಸಂದಿಯಲ್ಲಿ ಒಂದೊಂದಾಗಿ ನೋಡುತ್ತಿದ್ದಳು.

"ನೀ ಅದನ್ನ ನೋಡಿ ಬಂದಿ ಅಂತಲ್ಲ," ಎಂದ ಬಸವಲಿಂಗ. "ಸ್ನೇಹಲ್ ಹೇಳಿದಳು. ನನ್ನ ಮುಂದ ಹೇಳಲಿಲ್ಲ ನೀ."

"ಏನಂತ ಹೇಳಬೇಕ್ರಿ?"

"ಹೆಂಗಿತ್ತು?"

ಅವಳು ಕೈ ನಿಲ್ಲಿಸಿ ಯೋಚಿಸಿದಳು. "ಕಾಲಿಲ್ಲ, ಕಣ್ಣಿಲ್ಲ, ಬಾಯಿಲ್ಲ. ಬರೇ ಓಟ. ಹಬ್ಬದ ದಿನ ಹುಡುಗರನ್ನ ಅಂಗಳಕ್ಕ ಬಿಟ್ಟಂಗ."

"ಸಿಟ್ಟಿಗೆದ್ದಂಗ ಕಂಡವೇನು?"

"ಇಲ್ಲರಿ. ನಮ್ಮ ಕಡೆ ಅವಕ್ಕ ಲಕ್ಷ್ಯನ ಇದ್ದಿಲ್ಲ."

ಬಸವಲಿಂಗ ಹೊರಗಿನ ಮಳೆಯ ಕಡೆ ತಿರುಗಿದ. ಕಿಟಕಿಯ ಗಾಜಿನ ಮೇಲೆ ಹನಿಗಳು ಒಂದಕ್ಕೊಂದು ಕೂಡಿ ಕೆಳಗಿಳಿಯುತ್ತಿದ್ದವು.

"ನಾ ಅಲ್ಲಿ ನಿಂತಾಗ," ಎಂದ ಕೊನೆಗೆ, "ಇಷ್ಟು ದೊಡ್ಡ ನೀರು, ಒಳಗ ಏನೂ ಇಲ್ಲ, ಖಾಲಿ ಐತಿ ಅಂದಕೊಂಡಿದ್ದೆ, ಪ್ರೇಮಾ. ತುಂಬಿತ್ತಲ್ಲ ಅದು. ನಾ ನಿಂತಲ್ಲೆಲ್ಲಾ ತುಂಬಿತ್ತು."

ಅವನ ದನಿಯಲ್ಲಿ ಭಯವಿತ್ತೋ ಏನೋ, ಅವಳು ತಲೆಯೆತ್ತಿ ನೋಡಿದಳು. ಭಯ ಇರಲಿಲ್ಲ. ಗಾಳಿಮರಗಳನ್ನು ದಾಟಿ ಬಂದು ನಿಂತಾಗ ಬಾಯಿ ಅರ್ಧ ತೆರೆದುಕೊಂಡಿದ್ದ ಅದೇ ಮುಖ. ಅವಳು ಪಾದವನ್ನು ಒರೆಸಿ, ಕಾಲುಚೀಲ ಏರಿಸಿ, ನಿಧಾನವಾಗಿ ನೆಲಕ್ಕಿಟ್ಟಳು. ವಾರ್ಡಿನ ಆ ತುದಿಯಿಂದ ಊಟದ ಗಾಡಿ ಬರುವ ಸದ್ದು ಕೇಳಿಸಿತು. ಸಕ್ಕರೆ ಕಾಯಿಲೆಯವರ ತಟ್ಟೆಯನ್ನು ಬೇರೆ ಇಟ್ಟಿದ್ದಾರೋ ಇಲ್ಲವೋ ನೋಡಲು ಅವಳು ಎದ್ದು ಹೋದಳು.